ಬೀಳುವುದೂ ಒಂದು ವಿದ್ಯೆ

ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿ 13ರಂದು. ಅಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಈ ಊರು ಎಂದೂ ಇಳಿದಿಲ್ಲ. ಇನ್ನು ಇಳಿಯುವ ಲಕ್ಷಣವೂ ಇಲ್ಲ. ಇಲ್ಲಿ ಹುಟ್ಟಿ ಬೆಳೆದವರಿಗೆ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವ ಬಿಳಿಯ ಪದರ, ಇಲ್ಲವೇ 2015ರ ಸುಮಾರಿಗೆ ವರ್ತೂರು ಕೆರೆಯ ಕೋಡಿಯಿಂದೆದ್ದು ವೈಟ್‌ಫೀಲ್ಡ್ ಕಡೆಯ ರಸ್ತೆಯಲ್ಲಿ ದ್ವಿಚಕ್ರ ಸವಾರರ ಮುಖಕ್ಕೆ ರಾಚಿದ ನೊರೆ. ಇಂಥ ಊರಿನ, ಅದರಲ್ಲೂ ಪೀಣ್ಯ ಎರಡನೇ ಹಂತದ, ಐವತ್ತೊಂದು ವರ್ಷ ವಯಸ್ಸಿನ, ಎಂಬತ್ತಾರು ಕಿಲೋ ತೂಕದ ಸಣ್ಣ ಉದ್ಯಮಿಯೊಬ್ಬ ಸ್ಕೀಯಿಂಗ್ ಕಲಿಯಲು ಹೊರಟನೆಂದರೆ ಬುದ್ಧಿಭ್ರಮಣೆಯ ಹೊರತು ಬೇರೆ ಕಾರಣವನ್ನು ಊಹಿಸುವುದು ಕಷ್ಟ. ಆ ಉದ್ಯಮಿ ನಾನೇ.

ಹಿನ್ನೆಲೆ ಇಷ್ಟು. 2019ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಔಲಿಯಲ್ಲಿ ನಡೆಯಲಿದ್ದ ಏಳು ದಿನಗಳ ತರಬೇತಿಗೆ ನನ್ನ ತಂಗಿಯ ಮಗ ಹಣ ಕಟ್ಟಿದ್ದ. ಅವನು ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. ಹೊರಡಲು ಹತ್ತು ದಿನವಿರುವಾಗ ಕಚೇರಿಯಲ್ಲಿ ಯಾವುದೋ ‘ರಿಲೀಸ್’ ಹಿಂದಕ್ಕೆ ಸರಿದು, ಅವನ ರಜೆಯ ಮೇಲೆಯೇ ಬಂದು ಕುಳಿತಿತು. ಕಟ್ಟಿದ ಹಣ ವಾಪಸು ಬರುವಂತಿರಲಿಲ್ಲ. ಹೆಸರನ್ನು ಮಾತ್ರ ಬದಲಾಯಿಸಬಹುದಿತ್ತು. “ಮಾವ, ನೀವಾದ್ರೂ ಹೋಗಿ ಬನ್ನಿ, ದುಡ್ಡು ದಂಡ ಆಗೋದು ಬೇಡ” ಎಂದ. ದುಡ್ಡು ದಂಡವಾಗುವುದನ್ನು ಕಂಡು ಸುಮ್ಮನಿರುವ ಶಕ್ತಿ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಅದೇ ವಾರ ನನ್ನ ರಕ್ತದೊತ್ತಡವನ್ನು ಅಳೆದ ವೈದ್ಯರು, ಕೆಲವು ದಿನ ಕಾರ್ಖಾನೆಯ ಕಡೆ ತಲೆಹಾಕಬೇಡಿ ಎಂದಿದ್ದರು. ಒತ್ತಡ ಏರಿದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಎಂಬತ್ತರ ಗಡಿಯಲ್ಲಿರುವ ಅಮ್ಮನಿಗೆ ಸ್ಕೀಯಿಂಗ್ ಎಂದರೇನೆಂದು ವಿವರಿಸುವ ಧೈರ್ಯ ಬರಲಿಲ್ಲ. ಔಲಿಯ ಬುಡದಲ್ಲಿರುವುದು ಜೋಶಿಮಠ. ನಮ್ಮ ಶೃಂಗೇರಿಯಂತೆಯೇ ಶಂಕರಾಚಾರ್ಯರು ಸ್ಥಾಪಿಸಿದರೆಂದು ಪರಂಪರೆ ಹೇಳುವ ನಾಲ್ಕು ಪೀಠಗಳಲ್ಲೊಂದರ ನೆಲೆ. “ಜೋಶಿಮಠಕ್ಕೆ ಹೋಗಿ ಬರ್ತೀನಮ್ಮ” ಎಂದೆ. ಇದು ಸುಳ್ಳಲ್ಲ, ಸತ್ಯದ ಕೆಳಗಿನ ಅರ್ಧ. ಅಮ್ಮ ಸಂತೋಷದಿಂದ ನೂರೊಂದು ರೂಪಾಯಿ ಕೊಟ್ಟು, “ನನ್ನ ಹೆಸರಲ್ಲೂ ಒಂದು ಸಾಷ್ಟಾಂಗ ನಮಸ್ಕಾರ ಹಾಕಪ್ಪ” ಎಂದಳು. ಮೊದಲ ದಿನವೇ ಅವಳ ಹೆಸರಿನಲ್ಲಿ ಇಪ್ಪತ್ತೇಳು ಹಾಕಿದೆ. ಎಲ್ಲವೂ ನಂದಾದೇವಿ ಶಿಖರದ ಸಮಕ್ಷಮದಲ್ಲಿ.

ಗೊತ್ತಿದ್ದ ಘರ್ಷಣೆ

ನನ್ನದು ಎಂಟು ಯಂತ್ರಗಳ, ಹದಿನಾರು ಜನರ ಕಾರ್ಖಾನೆ. ಪಂಪುಗಳಿಗೆ ಬೇಕಾದ ಶಾಫ್ಟು, ಬುಷ್ಷುಗಳನ್ನು ಮಾಡಿಕೊಡುತ್ತೇವೆ. ಘರ್ಷಣೆಯನ್ನು ಕಡಿಮೆ ಮಾಡುವುದೇ ಮೂವತ್ತು ವರ್ಷಗಳಿಂದ ನನ್ನ ಅನ್ನ. ಆದ್ದರಿಂದ ಔಲಿಗೆ ಹೋಗುವ ಮುನ್ನ ವಿಷಯವನ್ನು ಶಾಸ್ತ್ರೀಯವಾಗಿಯೇ ಅಧ್ಯಯನ ಮಾಡಿದೆ. ಹಿಮದ ಮೇಲೆ ಸ್ಕೀ ಏಕೆ ಜಾರುತ್ತದೆ? ಮೈಭಾರದ ಒತ್ತಡಕ್ಕೆ ಹಿಮ ಕರಗಿ ಜಾರುತ್ತದೆಂದು ಹಿಂದೆ ನಂಬಿದ್ದರು. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಪ್ರಯೋಗ ಮಾಡಿ, ಉಜ್ಜುವಿಕೆಯಿಂದ ಹುಟ್ಟುವ ಶಾಖವೇ ತೆಳುವಾದ ನೀರಿನ ಪೊರೆಯನ್ನುಂಟುಮಾಡುತ್ತದೆಂದು ತೋರಿಸಿದರು. ನನ್ನ ಭಾಷೆಯಲ್ಲಿ ಹೇಳುವುದಾದರೆ ಸ್ಕೀ ತನಗೆ ಬೇಕಾದ ಎಣ್ಣೆಯನ್ನು ತಾನೇ ಹಿಂಡಿಕೊಳ್ಳುವ ಬೇರಿಂಗ್. ಇದನ್ನು ಓದಿ ನನಗೆ ಎಂಥ ಆತ್ಮವಿಶ್ವಾಸ ಬಂದಿತೆಂದರೆ, ಬೇರಿಂಗಿನ ಮೇಲೆ ಎಂದೂ ಮನುಷ್ಯ ನಿಂತಿರುವುದಿಲ್ಲ ಎಂಬ ಸಣ್ಣ ಅಂಶ ಹೊಳೆಯಲೇ ಇಲ್ಲ.

ಹರಿದ್ವಾರದಿಂದ ಇಡೀ ದಿನದ ಬಸ್ ಪ್ರಯಾಣ. ಜೋಶಿಮಠದಿಂದ ಮೇಲಕ್ಕೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು, ನೂರಾರು ಮನೆಗಳು ಬಿರುಕು ಬಿಟ್ಟಾಗ ಆ ರೋಪ್‌ವೇಯನ್ನು ನಿಲ್ಲಿಸಲಾಯಿತು. ನಾವು ಹೋದ ವರ್ಷ ಅಂಥ ಸೂಚನೆ ನಮ್ಮ ಕಣ್ಣಿಗೇನೂ ಬಿದ್ದಿರಲಿಲ್ಲ. ತೊಟ್ಟಿಲಿನಂತೆ ತೂಗುತ್ತ ಹತ್ತು ಸಾವಿರ ಅಡಿ ಎತ್ತರಕ್ಕೆ ಏರಿದೆವು. ತಂಡದ ಹದಿನಾಲ್ವರಲ್ಲಿ ಐವರು ಬೆಂಗಳೂರಿನವರು: ಇಬ್ಬರು ವೈಟ್‌ಫೀಲ್ಡ್, ಇಬ್ಬರು ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದವನು ನಾನೊಬ್ಬ. ಉಳಿದ ನಾಲ್ವರ ವಯಸ್ಸನ್ನು ಕೂಡಿದರೆ ನನ್ನ ವಯಸ್ಸಿನ ಎರಡರಷ್ಟಾಗುತ್ತಿತ್ತು.

ಸ್ಕೀಯಿಂಗಿನ ಮೊದಲ ಶತ್ರು ಹಿಮವಲ್ಲ, ಬೂಟು. ಮೊಣಕಾಲಿನ ಕೆಳಗಿನವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಆ ವಸ್ತುವನ್ನು ಧರಿಸುವುದೆಂದರೆ ಎರಡು ಕಾಲನ್ನೂ ಬೆಂಚ್ ವೈಸ್‌ಗೆ ಸಿಕ್ಕಿಸಿದಂತೆ. ಇಪ್ಪತ್ತು ನಿಮಿಷ ಹೆಣಗಿ, ನಾಲ್ಕು ಕೊಂಡಿಗಳನ್ನು ಬಿಗಿದು, ಬೆವರು ಒರೆಸಿಕೊಂಡು ಎದ್ದು ನಿಂತಾಗ ಎಡಗಾಲಿನದು ಬಲಕ್ಕೂ ಬಲಗಾಲಿನದು ಎಡಕ್ಕೂ ಹೋಗಿರುವುದು ತಿಳಿಯಿತು. ಮತ್ತೆ ಇಪ್ಪತ್ತು ನಿಮಿಷ. ಅನಂತರ ಸ್ಕೀ ಕಟ್ಟಿಕೊಂಡು, ಇಳಿಜಾರೇ ಇಲ್ಲದ ಸಮತಟ್ಟಾದ ಜಾಗದಲ್ಲಿ, ಚಲಿಸದೆ ನಿಂತಿದ್ದಾಗ ಬಿದ್ದೆ. ಬೀಳುವುದಕ್ಕೆ ಚಲನೆ ಅಗತ್ಯ ಎಂದು ಭೌತಶಾಸ್ತ್ರ ಎಲ್ಲಿಯೂ ಹೇಳಿಲ್ಲವೆಂಬುದು ಆಗ ನೆನಪಾಯಿತು.

ತರಬೇತುದಾರ ಗಢವಾಲಿನ ಹುಡುಗ, ಇಪ್ಪತ್ತೈದರ ಆಸುಪಾಸು. ನಾನು ಎದ್ದೇಳಲು ಪಡುತ್ತಿದ್ದ ಪಾಡನ್ನು ನೋಡಿ ಅವನು ನಗಲಿಲ್ಲ. ಬದಲಿಗೆ ಎಲ್ಲರನ್ನೂ ಕರೆದು, “ಅಂಕಲ್‌ಜೀ ಇವತ್ತಿನ ಪಾಠವನ್ನು ಆಗಲೇ ಶುರು ಮಾಡಿದ್ದಾರೆ” ಎಂದ. ಮೊದಲ ದಿನದ ಪಾಠ ಜಾರುವುದಾಗಿರಲಿಲ್ಲ. ಬೀಳುವುದು ಹೇಗೆಂಬುದಾಗಿತ್ತು. ಮುಂದಕ್ಕೆ ಬೀಳಬಾರದು, ಕುಂಡೆಯೂರಿ ಹಿಂದಕ್ಕೂ ಕೂರಬಾರದು, ಬೆಟ್ಟದ ಮೇಲ್ಬದಿಗೆ, ಪಕ್ಕಕ್ಕೆ ಒರಗಬೇಕು. ಬೀಳುವಾಗ ಕೈಕೋಲನ್ನು ಬಿಟ್ಟುಬಿಡಬೇಕು. ಬಿದ್ದಮೇಲೆ ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ, ಮೈಗಿಂತ ಕೆಳಗೆ ತಂದುಕೊಂಡು ಏಳಬೇಕು. ಇದನ್ನೇ ಎರಡು ಗಂಟೆ ಅಭ್ಯಾಸ ಮಾಡಿಸಿದ. ಮೂವತ್ತು ವರ್ಷಗಳಲ್ಲಿ ನೂರಾರು ಹುಡುಗರಿಗೆ ಕೆಲಸ ಕಲಿಸಿದ್ದೇನೆ. ತಪ್ಪುವುದು ಹೇಗೆಂಬುದನ್ನು ಯಾರಿಗೂ ಕಲಿಸಿರಲಿಲ್ಲ.

ಸರೀರಿ, ಸರೀರಿ!

ಎರಡನೆಯ ದಿನ ಬ್ರೇಕು ಹಾಕುವ ವಿಧಾನ. ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನವನ್ನು ಅಗಲಿಸಿದರೆ ಒಳ ಅಂಚುಗಳು ಹಿಮವನ್ನು ಕೊರೆದು ವೇಗ ತಗ್ಗುತ್ತದೆ. ಮೇಲಿನಿಂದ ನೋಡಿದರೆ ಅದು ತ್ರಿಕೋನಾಕಾರ. ಆದ್ದರಿಂದ ಜಗತ್ತಿನಾದ್ಯಂತ ಮಕ್ಕಳಿಗೆ ಅದನ್ನು ‘ಪಿಜ್ಜಾ’ ಎಂದು ಹೇಳಿಕೊಡುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಹುಡುಗರು ಆ ತ್ರಿಕೋನವನ್ನು ಕ್ಷಣಮಾತ್ರದಲ್ಲಿ ಗ್ರಹಿಸಿದರು. ನನ್ನ ಪಿಜ್ಜಾದ ತುದಿಗಳು ಮಾತ್ರ ಒಂದರ ಮೇಲೊಂದು ಏರುತ್ತಿದ್ದವು, ಇಲ್ಲವೇ ಮಸಾಲೆ ದೋಸೆಯಂತೆ ಮಡಚಿಕೊಳ್ಳುತ್ತಿದ್ದವು.

ಮೂರನೆಯ ದಿನ ಮಧ್ಯಾಹ್ನ ಇಳಿಜಾರಿನ ನಡುವೆ ತ್ರಿಕೋನ ಕೈಕೊಟ್ಟಿತು. ಸ್ಕೀಗಳೆರಡೂ ಸಮಾನಾಂತರವಾಗಿ, ಕೆಳಗಿದ್ದ ಚಹಾ ಅಂಗಡಿಯತ್ತ ನನ್ನನ್ನು ಹೊತ್ತು ಹೊರಟವು. ಅಂಗಡಿಯ ಮುಂದೆ ದಿಲ್ಲಿಯ ಕಡೆಯಿಂದ ಬಂದ ಕುಟುಂಬವೊಂದು ಮ್ಯಾಗಿ ತಿನ್ನುತ್ತ ನಿಂತಿತ್ತು. ಪ್ರಾಣಭಯದಲ್ಲಿ ಮನುಷ್ಯನಿಗೆ ತಾಯ್ನುಡಿಯೊಂದೇ ನೆನಪಿಗೆ ಬರುವುದು. “ಸರೀರಿ! ಸರೀರಿ!” ಎಂದು ಕೂಗಿಕೊಂಡೆ. ಆ ಸಜ್ಜನರು ಅದನ್ನು ‘ಸಾರಿ, ಸಾರಿ’ ಎಂದು ತಿಳಿದರು. ಇಷ್ಟು ದೂರದಿಂದಲೇ, ಇನ್ನೂ ಏನೂ ಮಾಡದೆಯೇ, ಮುಂಗಡವಾಗಿ ಕ್ಷಮೆ ಕೇಳುತ್ತಿರುವ ಮನುಷ್ಯನನ್ನು ಕಂಡು ಅವರ ಮನಸ್ಸು ಕರಗಿರಬೇಕು. ಮನೆಯ ಯಜಮಾನರು ಕೈಯೆತ್ತಿ, ‘ಕೋಯೀ ಬಾತ್ ನಹೀ’ ಎಂದು ನಗುತ್ತ ನಿಂತಲ್ಲೇ ನಿಂತರು. ಪುಣ್ಯಕ್ಕೆ ಅಂಗಡಿಗೆ ಎಂಟು ಹೆಜ್ಜೆ ಇರುವಾಗ ನನಗೆ ಮೊದಲ ದಿನದ ಪಾಠ ನೆನಪಾಯಿತು. ಪಕ್ಕಕ್ಕೆ ಒರಗಿಬಿಟ್ಟೆ. ಹಿಮದ ಮೋಡವೊಂದು ಎದ್ದು ಅವರ ಮ್ಯಾಗಿಯ ಮೇಲೆ ಇಳಿಯಿತು. ಆಗ ಹೇಳಿದ ‘ಸಾರಿ’ ನಿಜವಾದದ್ದು.

ಎಳೆದುಕೊಂಡು ಮೇಲೇರಿಸುವ ಲಿಫ್ಟಿನ ಕಥೆ ಬೇರೆ. ಓಡುವ ಹಗ್ಗದಿಂದ ಇಳಿಬಿದ್ದ ಕೋಲಿನ ತುದಿಯಲ್ಲೊಂದು ತಟ್ಟೆ. ಅದನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು ನಿಂತಿರಬೇಕು, ಕೂರಬಾರದು. ಕೂರಲು ಆಸನದಂತಿರುವ ಯಾವುದನ್ನು ಕಂಡರೂ ಕೂತುಬಿಡುವುದು ಬಿಎಂಟಿಸಿ ಬಸ್ಸಿನಲ್ಲಿ ಬೆಳೆದವರ ಸ್ವಭಾವ. ಕೂತೆ, ಬಿದ್ದೆ. ಹಿಂದೆ ಬರುತ್ತಿದ್ದ ಐದಾರು ವರ್ಷದ ಸ್ಥಳೀಯ ಹುಡುಗಿಯೊಬ್ಬಳು, ರಸ್ತೆಯಲ್ಲಿ ಮಲಗಿದ ಎಮ್ಮೆಯನ್ನು ಬಳಸಿ ಹೋಗುವಂತೆ, ನನ್ನನ್ನು ಬಳಸಿಕೊಂಡು ಮೇಲೆ ಹೋದಳು.

ಸಂಜೆ ಬೆಂಕಿಯ ಸುತ್ತ ಕುಳಿತಾಗ ಸಾಫ್ಟ್‌ವೇರ್ ಹುಡುಗರು ಅಂದಂದಿನ ಪತನಗಳ ‘ರಿವ್ಯೂ ಮೀಟಿಂಗ್’ ನಡೆಸುತ್ತಿದ್ದರು. ಯಾರು ಎಲ್ಲಿ ಬಿದ್ದರು, ಏಕೆ ಬಿದ್ದರು, ನಾಳೆ ಏನು ತಿದ್ದಬೇಕು. ಎಲ್ಲರೂ ತಮ್ಮ ತಮ್ಮ ಬೀಳುವಿಕೆಯನ್ನು ಪೈಪೋಟಿಯಿಂದ ಬಣ್ಣಿಸುತ್ತಿದ್ದರು. ನಾನೂ ಬಣ್ಣಿಸಿದೆ. ನನ್ನ ಚಹಾ ಅಂಗಡಿ ಪ್ರಕರಣಕ್ಕೆ ಆ ವಾರದ ಪ್ರಥಮ ಬಹುಮಾನ ಬಂದಿತು. ನಗುತ್ತ ಹೋಗಿ ಮಲಗಿದವನಿಗೆ ನಿದ್ದೆ ಬರಲಿಲ್ಲ. ನನ್ನ ಕಾರ್ಖಾನೆಯಲ್ಲಿ ಒಬ್ಬನೇ ಒಬ್ಬ ತನ್ನ ತಪ್ಪನ್ನು ಹೀಗೆ ಬೆಂಕಿಯ ಸುತ್ತ ಕುಳಿತು ಹೇಳಿದ್ದುಂಟೆ?

ಬಿಟ್ಟುಕೊಡುವ ಬಂಧ

ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನಕ್ಕೆ ‘ಬೈಂಡಿಂಗ್’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಟೆಲಿಮಾರ್ಕ್ ಪ್ರಾಂತ್ಯದ ಸೋಂದ್ರೆ ನೋರ್ಹೈಮ್ ಎಂಬಾತ ತಿರುಚಿದ ಬೇರುಗಳಿಂದ ಹಿಮ್ಮಡಿಯನ್ನೂ ಕಟ್ಟುವ ಉಪಾಯ ಹೂಡಿ, ತಿರುವು, ಜಿಗಿತಗಳನ್ನು ಸಾಧ್ಯವಾಗಿಸಿದ. ಮುಂದೆ ಕಾಲನ್ನು ಮರಕ್ಕೆ ಬಿಗಿಯುವ ವಿದ್ಯೆ ಎಷ್ಟು ಬೆಳೆಯಿತೆಂದರೆ, ಬಿದ್ದವರ ಕಾಲು ತಿರುಚಿ ಮುರಿಯುವುದು ಸಾಮಾನ್ಯವಾಯಿತು. ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಯಾಲ್ಮಾರ್ ಹ್ವಾಮ್ ಎಂಬ ಸ್ಕೀ ಪಟು 1937ರಲ್ಲಿ ಹಾಗೆಯೇ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ. ಅಲ್ಲಿ ಅವನಿಗೆ ಹೊಳೆದದ್ದು, ಅಪಾಯದ ಗಳಿಗೆಯಲ್ಲಿ ತಾನಾಗಿ ಬಿಚ್ಚಿಕೊಂಡು ಕಾಲನ್ನು ಬಿಟ್ಟುಕೊಡುವ ಬೈಂಡಿಂಗ್. ಬಿಗಿಯುವ ವಿದ್ಯೆಗೆ ಬಿಡುವ ವಿದ್ಯೆಯನ್ನು ಸೇರಿಸಿದವನು ಸ್ವತಃ ಬಿದ್ದವನು.

ಇಂದಿನ ಬೈಂಡಿಂಗಿನ ಮೇಲೆ ಒಂದು ಸಣ್ಣ ಮಾಪಕವಿರುತ್ತದೆ. ಎಷ್ಟು ಬಲಕ್ಕೆ ಅದು ಬಿಚ್ಚಿಕೊಳ್ಳಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ಮತ್ತು ಸವಾರನ ಪರಿಣತಿಯನ್ನು ನೋಡಿ ನಿಗದಿಮಾಡುತ್ತಾರೆ. ಹೊಸಬನಿಗೆ ಕಡಿಮೆ ಸಂಖ್ಯೆ. ಐವತ್ತು ತುಂಬಿದವರಿಗೆ ಇನ್ನೂ ಒಂದು ಮೆಟ್ಟಿಲು ಕಡಿಮೆ. ತರಬೇತುದಾರ ಸ್ಕ್ರೂಡ್ರೈವರಿನಿಂದ ನನ್ನದನ್ನು ಸಡಿಲಿಸುತ್ತಿದ್ದಾಗ ಮೊದಲು ಅವಮಾನವೆನಿಸಿತು. ಆಮೇಲೆ ಯಂತ್ರ ತಿಳಿದವನ ಮನಸ್ಸು ಎಚ್ಚರಗೊಂಡಿತು. ನಮ್ಮಲ್ಲಿಯೂ ಶಿಯರ್ ಪಿನ್ ಇದೆಯಲ್ಲ! ಯಂತ್ರ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆ ಸಣ್ಣ ಪಿನ್ನು ತಾನು ಮುರಿದು ದುಬಾರಿ ಗೇರ್‌ಬಾಕ್ಸನ್ನು ಉಳಿಸುತ್ತದೆ. ತಪ್ಪು ನಡೆದೇ ನಡೆಯುತ್ತದೆಂದು ಮೊದಲೇ ಲೆಕ್ಕ ಹಾಕಿ ಮಾಡಿದ ವಿನ್ಯಾಸ ಅದು. ಗೇರ್‌ಬಾಕ್ಸಿಗೆ ಈ ರಿಯಾಯಿತಿ ಕೊಟ್ಟ ನಾನು ಮನುಷ್ಯರಿಗೆ ಕೊಟ್ಟಿರಲಿಲ್ಲ.

ಬೀಳುವಾಗ ಕೋಲು ಬಿಡಬೇಕೆಂದು ಹೇಳಿದೆನಲ್ಲ, ಐದನೆಯ ದಿನ ನಾನು ಬಿಡಲಿಲ್ಲ. ಕಳೆದರೆ ದಂಡ ಕಟ್ಟುವುದಾಗಿ ಚೀಟಿಗೆ ಸಹಿ ಹಾಕಿದ್ದೆ. ಕೋಲು ಉಳಿಯಿತು, ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಸ್ಕೀ ಮಾಡುವವರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ವೈದ್ಯಶಾಸ್ತ್ರದಲ್ಲಿ ‘ಸ್ಕೀಯರನ ಹೆಬ್ಬೆರಳು’ ಎಂಬ ಹೆಸರೇ ಇದೆ. ಮನೆಗೆ ಬಂದಾಗ ಅಮ್ಮ ಬೆರಳನ್ನು ಹಿಡಿದು ನೋಡಿ, “ಮಠದಲ್ಲಿ ಅಷ್ಟೊಂದು ನೂಕುನುಗ್ಗಲೇನೋ?” ಎಂದು ಮರುಗಿದಳು.

ಡಬ್ಬದಡಿಯ ಹನ್ನೆರಡು ತುಂಡುಗಳು

ಈಗ ರಕ್ತದೊತ್ತಡದ ಕಾರಣ. 2018ರ ಡಿಸೆಂಬರಿನಲ್ಲಿ, ಶಿರಾ ಕಡೆಯಿಂದ ಐಟಿಐ ಮುಗಿಸಿ ಬಂದಿದ್ದ ಹುಡುಗನೊಬ್ಬ ನಮ್ಮಲ್ಲಿ ಸಿಎನ್‌ಸಿ ಲೇತ್ ಕಲಿಯುತ್ತಿದ್ದ. ಶಾಫ್ಟಿನ ವ್ಯಾಸ 25 ಮಿಲಿಮೀಟರ್. ಎರಡು ನೂರರಷ್ಟರ ಒಳಗೆ ಬರಬೇಕು. ಈ ಕೆಲಸದ ಕ್ರೂರ ನಿಯಮವೊಂದಿದೆ: ಅಳತೆ ಹೆಚ್ಚಾದರೆ ಮತ್ತೆ ತೆಗೆಯಬಹುದು, ಕಡಿಮೆಯಾದರೆ ಸೇರಿಸಲಾಗದು. ಅವನದು ಕಡಿಮೆಯಾಯಿತು. ಒಂದು ತುಂಡಲ್ಲ, ಹನ್ನೆರಡು. ಮೊದಲನೆಯದು ಕೆಟ್ಟಾಗ ಯಾರಿಗೂ ಹೇಳದೆ ಸರಿಪಡಿಸಲು ನೋಡಿದ; ಎರಡನೆಯದೂ ಕೆಟ್ಟಿತು; ಹೇಳಲು ಇನ್ನಷ್ಟು ಹೆದರಿದ. ಕೊನೆಗೆ ಹನ್ನೆರಡನ್ನೂ ಲೋಹದ ಸುರುಳಿಚೂರುಗಳ ಡಬ್ಬದ ತಳದಲ್ಲಿ ಹುಗಿದಿಟ್ಟ. ಸಂಜೆ ಲೆಕ್ಕ ಕೂಡದಿದ್ದಾಗ ಸಿಕ್ಕಿಬಿದ್ದ.

ಹದಿನೈದು ಜನರ ಎದುರಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನ ಸಂಬಳದಲ್ಲಿ ಮುರಿದುಕೊಳ್ಳುತ್ತೇನೆಂದೆ. ಅವನು ತಲೆ ತಗ್ಗಿಸಿಕೊಂಡು, “ಹೇಳೋಕೆ ಭಯ ಆಯ್ತು ಸಾರ್” ಎಂದಷ್ಟೇ ಹೇಳಿದ. ಮರುದಿನ ಬರಲಿಲ್ಲ. ಬಾಕಿ ಸಂಬಳವನ್ನೂ ಕೇಳಲಿಲ್ಲ.

ಆ ಹೊತ್ತಿಗೆ ನನ್ನ ಕಚೇರಿಯ ಗೋಡೆಯಲ್ಲಿ ಟೊಯೊಟಾ ಪದ್ಧತಿಯನ್ನು ಸಾರುವ ಚಿತ್ರಪಟವಿತ್ತು. ದೋಷ ಕಂಡ ಯಾವ ಕಾರ್ಮಿಕನೂ ‘ಆಂಡನ್’ ಹಗ್ಗವನ್ನೆಳೆದು ಸಹಾಯಕ್ಕೆ ಕರೆಯಬಹುದು, ಅಗತ್ಯವಾದರೆ ಇಡೀ ಉತ್ಪಾದನಾ ಸಾಲನ್ನೇ ನಿಲ್ಲಿಸಬಹುದು ಎಂಬುದು ಅದರ ತತ್ವ. ಪೀಣ್ಯದಲ್ಲಿ ಇಂಥ ಪಟಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಹಗ್ಗ ಎಳೆದವನನ್ನು ಬೈಯದೆ ಇರುವ ಮಾಲೀಕರಿಗೆ. ಸಾಫ್ಟ್‌ವೇರ್ ಕಂಪನಿಗಳ ಸ್ಥಿತಿಯೂ ಭಿನ್ನವಲ್ಲವೆಂದು ಔಲಿಯ ಹುಡುಗರೇ ಹೇಳಿದರು. ಹಿಮದಲ್ಲಿ ಬಿದ್ದದ್ದನ್ನು ನಗುನಗುತ್ತ ವರ್ಣಿಸಿದವರು, ಕಚೇರಿಯಲ್ಲಿ ವರ್ಷದ ಮೌಲ್ಯಮಾಪನ ಹತ್ತಿರ ಬಂದಾಗ ತಪ್ಪನ್ನು ಬಾಯಿಬಿಡುವುದಿಲ್ಲವಂತೆ.

ಸೋಲನ್ನು ಬಚ್ಚಿಡದವನನ್ನು ಜನ ಪ್ರೀತಿಸುತ್ತಾರೆ, ಆಡಳಿತಗಳು ಸಹಿಸುವುದಿಲ್ಲ. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಗಾರೆ ಕೆಲಸಗಾರ ಮೈಕೆಲ್ ಎಡ್ವರ್ಡ್ಸ್, ಆವಿ ಕಟ್ಟುವ ದಪ್ಪ ಕನ್ನಡಕ ಧರಿಸಿ ಸ್ಕೀ ಜಿಗಿತದ ಎರಡೂ ಸ್ಪರ್ಧೆಗಳಲ್ಲಿ ಕೊನೆಯವನಾದ. ಜಗತ್ತು ಅವನನ್ನು ‘ಎಡ್ಡಿ ದಿ ಈಗಲ್’ ಎಂದು ಮುದ್ದಿಸಿತು. ಎರಡು ವರ್ಷದೊಳಗೆ ಅವನಂಥವರು ಮತ್ತೆ ಒಳಬರದಂತೆ ಅರ್ಹತೆಯ ನಿಯಮ ಬಿಗಿಯಾಯಿತು. ಒಲಿಂಪಿಕ್ಸಿಗೆ ಅಂಥ ನಿಯಮ ಬೇಕಿರಬಹುದು. ಕಲಿಯುವ ಜಾಗಕ್ಕೂ ಅದನ್ನೇ ಅನ್ವಯಿಸಿದರೆ ಕಲಿಯುವವರು ಎಲ್ಲಿಗೆ ಹೋಗಬೇಕು? ಹಿಮವನ್ನೇ ಕಾಣದ ನಾಡಿನಿಂದಲೂ ಗೆಲ್ಲುವವರು ಬರುತ್ತಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಕ್ರಾಸ್‌ಕಂಟ್ರಿ ಸ್ಕೀ ಸ್ಪರ್ಧೆಯ 5 ಕಿಲೋಮೀಟರ್ ವಿಭಾಗದಲ್ಲಿ ಕಂಚಿನ ಪದಕ ಪಡೆದರು. ಆ ಸುದ್ದಿ ಓದಿದ ದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದೆ. ಅವರೂ ಮೊದಲ ದಿನ ಹಿಮದ ಮೇಲೆ ನಿಂತಾಗ ಯಾರೋ ಒಬ್ಬರು ತಾಳ್ಮೆಯಿಂದ ಕಾದಿರಲೇಬೇಕು.

ಔಲಿಯಿಂದ ಬಂದ ವಾರ ತಪಾಸಣೆಯ ಮೇಜಿನ ಪಕ್ಕದಲ್ಲಿ ಒಂದು ತೆರೆದ ಕಪಾಟು ಇರಿಸಿದೆ. ಕೆಟ್ಟ ತುಂಡುಗಳನ್ನು ಅಲ್ಲಿ, ಕಾರಣ ಬರೆದ ಚೀಟಿಯೊಂದಿಗೆ, ಎಲ್ಲರಿಗೂ ಕಾಣುವಂತೆ ಇಡಬೇಕು. ಇಟ್ಟವರ ಸಂಬಳದಲ್ಲಿ ಒಂದು ಪೈಸೆಯನ್ನೂ ಮುರಿಯುವಂತಿಲ್ಲ. ಮೊದಲ ತುಂಡನ್ನು ನಾನೇ ಇಟ್ಟೆ. 1994ರಲ್ಲಿ ನಾನು ಕೆಡಿಸಿ, ಅಂದಿನ ನನ್ನ ಮೇಸ್ತ್ರಿಗೆ ಗೊತ್ತಾಗದಂತೆ ಮನೆಗೆ ಒಯ್ದು, ಕಾಗದದ ಮೇಲಿನ ಭಾರವಾಗಿ ಬಳಸುತ್ತಿದ್ದ ಹಿತ್ತಾಳೆ ಬುಷ್ ಅದು. ಹದಿನೈದು ದಿನ ಆ ಕಪಾಟಿನಲ್ಲಿ ಅದೊಂದೇ ಕೂತಿತ್ತು. ಹದಿನಾರನೆಯ ದಿನ ಎರಡನೆಯ ತುಂಡು ಬಂತು. ಕಾರ್ಖಾನೆಯಲ್ಲಿ ತಪ್ಪುಗಳು ಕಡಿಮೆಯಾಗಿವೆಯೆಂದು ಹೇಳಲಾರೆ. ಮೊದಲು ಹನ್ನೆರಡನೆಯ ತುಂಡಿನಲ್ಲಿ ತಿಳಿಯುತ್ತಿದ್ದದ್ದು ಈಗ ಎರಡನೆಯದರಲ್ಲಿ ತಿಳಿಯುತ್ತದೆ.

ಶಿರಾದ ಹುಡುಗನಿಗೆ ಹಲವು ಬಾರಿ ಫೋನ್ ಮಾಡಿದೆ. ಸಂಖ್ಯೆ ಬದಲಾಗಿತ್ತು. ಅವನ ಹದಿನೆಂಟು ದಿನದ ಸಂಬಳವನ್ನು ಲಕೋಟೆಯಲ್ಲಿ ಹಾಕಿ, ಹೆಸರು ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ. ಅವನು ಇದನ್ನು ಓದಿದರೆ ಬಂದು ಒಯ್ಯಲಿ. ಬೈದದ್ದಕ್ಕೆ ಕ್ಷಮೆ ಕೇಳುವುದೂ ಬಾಕಿಯಿದೆ.

ಔಲಿಗೆ 2020ರಲ್ಲಿ ಮತ್ತೊಮ್ಮೆ, 2023ರಲ್ಲಿ ಗುಲ್ಮಾರ್ಗಿಗೆ ಹೋಗಿ ಬಂದೆ. ಮೂರೂ ಬಾರಿ ಆರಂಭಿಕರ ಗುಂಪೇ. ತ್ರಿಕೋನ ಈಗ ಹತ್ತರಲ್ಲಿ ಆರು ಸಲ ನಿಲ್ಲುತ್ತದೆ. ಈ ಚಳಿಗಾಲಕ್ಕೂ ಹೆಸರು ಕೊಟ್ಟಿದ್ದೇನೆ. ಹೆಂಡತಿ, “ಈ ವಯಸ್ಸಿನಲ್ಲಿ ಮೂಳೆ ಮುರ್ಕೊಂಡ್ರೆ ಯಾರು ನೋಡ್ಕೋತಾರೆ ರೀ?” ಎನ್ನುತ್ತಾಳೆ. ಅಮ್ಮನಿಗೆ ಮಾತ್ರ ಆ ಚಿಂತೆಯಿಲ್ಲ. ಮಗ ಇಳಿವಯಸ್ಸಿನಲ್ಲಿ ದೈವಭಕ್ತನಾದನೆಂದು ನೆರೆಹೊರೆಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ.